ಗಾನವಿ ಹಾಕಿದ ಬಾಗಿಲು

ಗಾನವಿಯ ಹೆಸರು ಮೊದಲ ಸಲ ನನ್ನ ಕಿವಿಗೆ ಬಿದ್ದ ದಿನ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಸೊಸೈಟಿಯ ವಾಚ್‌ಮನ್ ಪಾಪಯ್ಯ ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕೂತು, ಟೀ ಲೋಟ ಕೈಗೆ ಬರುವ ಮೊದಲೇ ಸುದ್ದಿ ಶುರು ಮಾಡಿದ.

"ವರಲಕ್ಷ್ಮಮ್ಮ, ಕಂಪ್ಯೂಟ್ರು ರೂಮಿಗೆ ಹೊಸಬ್ರು ಬರ್ತಾವ್ರಂತೆ. ಹೆಂಗ್ಸು."

"ಬರ್ಲಿ ಬಿಡಪ್ಪಾ. ಗಂಡಸರಿದ್ದಾಗ ಏನ್ ಕಡಿದು ಕಟ್ಟೆ ಹಾಕಿದ್ರು?"

"ಅದಲ್ಲ ಕಣಮ್ಮ. ನಮ್ ಮ್ಯಾನೇಜರ್ ಚಲಪತಿ ಚಿಕ್ಕಪ್ಪನ ಮಗ ಅಂಜನ್ ಇಲ್ವಾ, ಅವನ ಹೆಂಡ್ತಿ. ಆ ಲವ್ ಮ್ಯಾರೇಜು."

ಆ ಮದುವೆಯ ಕಥೆ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಹುಡುಗಿ ಹೊಸಕೋಟೆ ಕಡೆಯ ಜಡಿಗೇನಹಳ್ಳಿಯವಳು. ಅಪ್ಪ ಆವಲಪ್ಪ ಎಲೆಕೋಸು, ಸೇವಂತಿಗೆ ಬೆಳೆಯುವವನು. ಮಗ್ಗದ ಮನೆಗೆ ಹೊಲದ ಮನೆಯ ಹುಡುಗಿ ಬೇಡ ಎಂದು ಅಂಜನ್ ಮನೆಯವರು ಹಟ ಹಿಡಿದಾಗ, "ಹೊಲದಲ್ಲಿ ಬೆಳೆದಿದ್ದನ್ನೇ ಅಲ್ವಾ ನೀವು ಉಣ್ಣೋದು?" ಎಂದು ದಬಾಯಿಸಿ ಮದುವೆ ಮಾಡಿಸಿದವನು ಚಲಪತಿ. ಹಾಗಾಗಿ ಕೆಲಸವನ್ನೂ ಅವನೇ ಕೊಡಿಸಿದ ಎಂದು ಊರು ಮಾತಾಡಿಕೊಂಡಿತು.

ಅದು ಸುಳ್ಳು. ಸಂದರ್ಶನದ ದಿನ ಕಾಫಿ ತೆಗೆದುಕೊಂಡು ಹೋದವಳು ನಾನು. ಅಧ್ಯಕ್ಷ ಭಾನುಪ್ರಕಾಶ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೇಳಿದರು.

"ಚಲಪತಿಗೆ ನೀವು ಏನಾಗ್ಬೇಕು?"

"ತಮ್ಮನ ಹೆಂಡ್ತಿ ಸರ್. ಆದ್ರೆ ಮಿಷನ್ ಮುಂದೆ ಕೂತಾಗ ನಾನು ಯಾರ ಹೆಂಡ್ತೀನೂ ಅಲ್ಲ."

ಭಾನುಪ್ರಕಾಶ್ ನಗಲಿಲ್ಲ. ಕಾಫಿ ಲೋಟ ಅವಳ ಕಡೆಗೆ ಸರಿಸಿದರು. ಕೆಲಸ ಸಿಕ್ಕಿತು ಎಂದು ನನಗೆ ಆಗಲೇ ತಿಳಿಯಿತು.

ನನ್ನ ಗಂಡ ಕೆಂಪರಾಜ್ ಆ ಸೊಸೈಟಿಯ ಹಳೆಯ ಸದಸ್ಯರು. ಅವರು ತೀರಿಕೊಂಡ ಮೇಲೆ ಮಗ್ಗ ಕೊಟ್ಟುಬಿಟ್ಟೆ. ಸದಸ್ಯತ್ವ ನನ್ನ ಹೆಸರಿಗೆ ಬಂತು, ಅದರ ಜೊತೆಗೆ ಅಡುಗೆ ಕೋಣೆಯೂ ಬಂತು. ಬೆಳಗಿನ ಹತ್ತರಿಂದ ಸಂಜೆಯವರೆಗೆ ಟೀ, ಕಾಫಿ, ಮೀಟಿಂಗ್ ಇದ್ದರೆ ಉಪ್ಪಿಟ್ಟು. ಗಾನವಿ ಬಂದ ಮೇಲೆ ಮಧ್ಯಾಹ್ನದ ಊಟಕ್ಕೆ ಜೊತೆಯೂ ಆಯಿತು.

ಅವಳು ಬಂದರೆ ಸ್ಕೂಟರಿನ ಸದ್ದಿಗಿಂತ ಮೊದಲು ಅವಳ ದನಿ ಬರುತ್ತಿತ್ತು. ಎತ್ತರದ ಆಳು, ಅಗಲ ಹೆಜ್ಜೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಂಪ್ಯೂಟರಿನ ಮುಂದೆ ಕೂರುವಾಗ ಕಳೆ ಕೀಳಲು ಹೊರಟವಳಂತೆ ಕಾಣುತ್ತಿದ್ದಳು. ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು. "ಮಗ್ಗದ ಮನೆಯೋರು ಸಾರಿಗೆ ಬೆಲ್ಲ ಹಾಕ್ತೀರಾ ಅಜ್ಜಿ, ಅದನ್ನೊಂದು ನಾನು ಜನ್ಮದಲ್ಲಿ ಕ್ಷಮಿಸಲ್ಲ" ಎಂದು ನನ್ನನ್ನೇ ಅಣಕಿಸಿ, ನನ್ನ ಸಾರನ್ನೂ ಬಡಿಸಿಕೊಂಡು ಉಣ್ಣುತ್ತಿದ್ದಳು. ಪಾಪಯ್ಯ ಅವಳಿಗೆ "ಮೇಡಂ" ಎಂದರೆ, "ಮೇಡಂ ಅಂದ್ರೆ ನಿಮಗೆ ಮೇಲ್ ಬರಲ್ಲ ನೋಡಿ" ಎಂದು ಹೆದರಿಸುತ್ತಿದ್ದಳು. ಪಾಪಯ್ಯನಿಗೆ ಯಾವತ್ತೂ ಮೇಲ್ ಬಂದಿರಲಿಲ್ಲ.

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಆ ಕೋಣೆಯಲ್ಲಿ ಗುಂಯ್‌ಗುಡುತ್ತಿದ್ದ ಕಪ್ಪು ಪೆಟ್ಟಿಗೆ ಏನು ಮಾಡುತ್ತದೆಂದು ಒಂದು ದಿನ ಕೇಳಿದೆ. ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಹೇಳಿದಳು.

"ಅದು ಸರ್ವರ್ ಅಜ್ಜಿ. ನಮ್ಮದೇ ಪೋಸ್ಟಾಫೀಸು ಅಂದ್ಕೊಳ್ಳಿ. ಸೊಸೈಟಿ ಮೆಂಬರುಗಳಿಗೆಲ್ಲ ಅದ್ರೊಳಗೆ ಒಂದೊಂದು ಪೆಟ್ಟಿಗೆ ಇದೆ, ನಿಮಗೂ ಇದೆ. ಇವೆಲ್ಲ ಬಿಟ್ಟು ಆರ್ಡರ್ ಪೆಟ್ಟಿಗೆ ಅಂತ ಇನ್ನೊಂದು. ಚಿಕ್ಕಪೇಟೆ ಅಂಗಡಿಯೋರು ಸೀರೆ ಡಿಸೈನು, ಬಣ್ಣ, ಎಲ್ಲ ಅದಕ್ಕೇ ಕಳಿಸೋದು. ಅದನ್ನ ಯಾರ್ ತೆಗೀಬಹುದು, ಯಾರ್ ತೆಗೀಬಾರ್ದು ಅಂತ ಹೇಳೋಳು ನಾನು."

"ನೀನು ಹೇಳಿದ ತಕ್ಷಣ ಅದು ಕೇಳ್ತದಾ?"

"ತಕ್ಷಣ ಕೇಳೋಕೆ ಅದೇನ್ ನನ್ ಗಂಡನಾ? ಒಳಗೊಬ್ಬ ಕಾವಲುಗಾರ ಕೂತಿದಾನೆ ಅಂದ್ಕೊಳ್ಳಿ. ಬಂದೋರಿಗೆಲ್ಲ ಪ್ರತಿಸಲ ಎದ್ದು ಹೋಗಿ, 'ಇವರನ್ನ ಬಿಡ್ಲಾ' ಅಂತ ಕೇಳ್ಕೊಂಡು ಬರಲ್ಲ. ಒಂದ್ಸಲ ಎಲ್ಲರ ಪಟ್ಟೀನೂ ಕೇಳಿ ತಲೇಲಿ ಇಟ್ಕೊಂಡು ಅದ್ರ ಪ್ರಕಾರ ಬಿಡ್ತಾನೆ. ಎರಡು ಗಂಟೆಗೊಮ್ಮೆ ಹೊಸದಾಗಿ ಕೇಳ್ತಾನೆ. ಎರಡೇ ಗಂಟೆ, ಅಷ್ಟರೊಳಗೆ ಎಲ್ಲ ಸರಿಹೋಗುತ್ತೆ."

ಯಾರು ಏನೇ ಕೇಳಲಿ, ಅವಳ ಬಾಯಲ್ಲಿ ಈ ಎರಡು ಗಂಟೆಯ ಮಾತು ಬಂದೇ ಬರುತ್ತಿತ್ತು. ಮೊದಲು ಕೆಲಸ ಮಾಡಿದ ಕಡೆಯೆಲ್ಲ ಹಾಗೇ ಇತ್ತಂತೆ. ಇಲ್ಲಿಯೂ ಹಾಗೇ ಇದೆಯೇ ಎಂದು ಅವಳು ನೋಡಿರಲಿಲ್ಲ. ನೋಡುವಂತೆ ನಾವು ಯಾರೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎನ್ನುವುದಕ್ಕೆ ನಮ್ಮ ಪದ್ಧತಿಯೊಂದನ್ನು ಹೇಳಬೇಕು.

ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಆಡುವುದಿಲ್ಲ. ಸೊಸೈಟಿಯ ಹಿಂದಿನ ಶೆಡ್ಡಿನಲ್ಲಿ ಮಾದರಿ ಸೀರೆ ನೇಯುವ ಮಗ್ಗಗಳಿವೆ. ಅಮಾವಾಸ್ಯೆ ಬೆಳಿಗ್ಗೆ ಪಾಪಯ್ಯ ಅವನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಇಡೀ ಕಟ್ಟಡದ ಕರೆಂಟಿನ ಮೈನ್ ಇಳಿಸಿಬಿಡುತ್ತಾನೆ. ಯಂತ್ರಕ್ಕೂ ಒಂದು ದಿನ ಉಸಿರು. ಮಾರನೆಯ ಪಾಡ್ಯದ ಬೆಳಿಗ್ಗೆ ಬೇಗ ಬಂದು ಮತ್ತೆ ಏರಿಸುತ್ತಾನೆ. ಮಗ್ಗಕ್ಕೆ ಹೊಸ ಹಾಸು ನೂಲು ಹೂಡುವುದು, ಹೊಸ ಆಳು ಸೇರುವುದು, ಹೊಸ ಡಿಸೈನು ಹಿಡಿಯುವುದು, ಎಲ್ಲ ಪಾಡ್ಯದಿಂದ. ಹೀಗಾಗಿ ಯಾವ ಹೊಸದೂ ಅಮಾವಾಸ್ಯೆಗೆ ಮುಂಚೆ ಹತ್ತುವುದಿಲ್ಲ ಎಂಬುದು ನಮ್ಮವರ ರಕ್ತದಲ್ಲೇ ಇದೆ. ಯಾರಿಗಾದರೂ ಪೆಟ್ಟಿಗೆ ತೆಗೆಯುವ ಅಪ್ಪಣೆ ಸಿಕ್ಕಿ, ಅದು ತೆರೆದುಕೊಳ್ಳದಿದ್ದರೆ, ಅವರು ಗಾನವಿಯ ಹತ್ತಿರ ಹೋಗುತ್ತಲೇ ಇರಲಿಲ್ಲ. "ಅಮಾವಾಸ್ಯೆ ಕಳೀಲಿ ಬಿಡು" ಎಂದು ಸುಮ್ಮನಾಗುತ್ತಿದ್ದರು. ಅಮಾವಾಸ್ಯೆ ಕಳೆಯುತ್ತಿತ್ತು, ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಗಾನವಿಯಂತೂ ಆ ರಜೆಯ ದಿನ ಜಡಿಗೇನಹಳ್ಳಿಯಲ್ಲಿ ತಾಯಿಯ ಕೈಯಡುಗೆ ಉಣ್ಣುತ್ತಿರುತ್ತಿದ್ದಳು.

ಭೀಮನ ಅಮಾವಾಸ್ಯೆ ಕಳೆದ ಪಾಡ್ಯದ ದಿನ ಚಲಪತಿ ಕೆಲಸ ಬಿಟ್ಟ. ಬಸ್‌ಸ್ಟ್ಯಾಂಡ್ ಹತ್ತಿರ ಸ್ವಂತ ಸೀರೆ ಅಂಗಡಿ ಇಡುತ್ತೇನೆಂದ. "ಹೊಸ ಕೆಲಸ, ಪಾಡ್ಯದ ದಿನವೇ ಒಳ್ಳೇದು" ಎಂದು ಎಲ್ಲರಿಗೂ ಮೈಸೂರುಪಾಕು ಹಂಚಿದ. ಆಷಾಢದಿಂದಲೇ ಅವನ ಜೊತೆ ಕೆಲಸ ಕಲಿಯುತ್ತಿದ್ದ ಕಾಂತರಾಜು ಅವನ ಜಾಗಕ್ಕೆ ಬಂದ. ಮ್ಯಾನೇಜರಿಕೆ ಬಿಟ್ಟರೂ ಚಲಪತಿ ಸೊಸೈಟಿಯ ಸದಸ್ಯನಾಗಿಯೇ ಉಳಿದ. ಹಾಗಾಗಿ ಅವನ ಸ್ವಂತ ಪೆಟ್ಟಿಗೆ ಹಾಗೇ ಇತ್ತು. ಆರ್ಡರ್ ಪೆಟ್ಟಿಗೆಯಿಂದ ಮಾತ್ರ ಅವನ ಹೆಸರನ್ನು ಗಾನವಿ ಅಂದೇ ಮಧ್ಯಾಹ್ನ ತೆಗೆದಳು. ತೆಗೆದು ಬಂದು ಊಟಕ್ಕೆ ಕೂತು, "ಭಾವನ ಬಾಗಿಲು ಹಾಕಿ ಬಂದೆ ಅಜ್ಜಿ" ಎಂದಳು. ಆ ಮಾತು ನನಗೆ ನೆನಪಿದೆ. ಆ ದಿನ ಅವಳ ಡಬ್ಬಿಯಲ್ಲಿ ಹುರುಳಿಕಾಳಿನ ಸಾರಿತ್ತು.

ಶ್ರಾವಣ ಅರ್ಧ ಕಳೆಯಿತು. ದಸರೆಗೆಂದು ಒಂದು ದೊಡ್ಡ ಅಂಗಡಿಯವರು ಹೊಸ ಅಂಚಿನ ಸೀರೆ ಕೇಳಿದ್ದರು. ಹುಣಸೆ ಎಲೆ ಸಾಲಾಗಿ ಬರುವ ಅಂಚು, ತಾವರೆ ಬಣ್ಣದ ಒಡಲು. ನಮ್ಮಲ್ಲಿ ಇನ್ನೂ ಹಾಸು ಹೂಡಿರಲಿಲ್ಲ. ಅಷ್ಟರಲ್ಲಿ, ಅಮಾವಾಸ್ಯೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಭಾನುಪ್ರಕಾಶ್ ಚಲಪತಿಯ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಅದೇ ಹುಣಸೆ ಎಲೆ ಅಂಚಿನ ಸೀರೆ ಗಾಜಿನ ಹಿಂದೆ ನೇತಾಡುತ್ತಿತ್ತಂತೆ. ಒಳಗೆ ಹೋಗಿ ಕೇಳಿದರೆ ಚಲಪತಿ ಮುಚ್ಚಿಡಲಿಲ್ಲ. "ಆರ್ಡರ್ ಪೆಟ್ಟಿಗೆ ನನ್ನ ಫೋನಲ್ಲಿ ಇವತ್ತಿಗೂ ತೆಗೀತದೆ. ಬಾಗಿಲು ಹಾಕೋದು ನನ್ ಕೆಲ್ಸನಾ?" ಎಂದನಂತೆ.

ಭಾನುಪ್ರಕಾಶ್ ಗಾನವಿಯನ್ನು ಕರೆಸಿದರು. ನಾನು ಕಾಫಿ ಹಿಡಿದು ಬಾಗಿಲಲ್ಲೇ ನಿಂತೆ.

"ನಿಮ್ಮ ಭಾವನಿಗೆ ಬಾಗಿಲು ತೆಗೆದಿಟ್ಟಿದೀರಾ?"

"ಇಲ್ಲ ಸರ್. ಅವರು ಬಿಟ್ಟ ದಿನವೇ ಹೆಸರು ತೆಗೆದುಹಾಕಿದೆ. ಬೇಕಾದ್ರೆ ನೋಡಿ, ಈ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ."

"ಪಟ್ಟಿಯಲ್ಲಿ ಇಲ್ಲ, ಆದ್ರೆ ಪೆಟ್ಟಿಗೆ ತೆಗೀತದೆ. ಇದಕ್ಕೇನಂತೀರಾ?"

ಗಾನವಿ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು.

"ನಿಮ್ಮ ಮದುವೆ ಮಾಡಿಸಿದೋರು ಅವರು. ಊರು ಏನನ್ನುತ್ತೆ ಹೇಳಿ? ನಾಡಿದ್ದು ಬೆನಕನ ಅಮಾವಾಸ್ಯೆ ಪೂಜೆಗೆ ಮೆಂಬರುಗಳೆಲ್ಲ ಸೇರ್ತಾರೆ. ಅವತ್ತು ಅವರ ಮುಂದೆ ಹೇಳಿ. ಹೇಳೋಕಾಗ್ಲಿಲ್ಲ ಅಂದ್ರೆ ಕೆಲಸ ಬಿಡಿ."

ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತು. ಆದರೆ ಕಳ್ಳಿ ಎಂಬ ಹೆಸರು ಹತ್ತಿದರೆ ಈ ಊರಿನಲ್ಲಿ ಅವಳು ತಲೆ ಎತ್ತುವಂತಿರಲಿಲ್ಲ. ಹೊಲದ ಮನೆಯ ಹುಡುಗಿ ಎಂದು ಮೊದಲೇ ಮೂಗು ಮುರಿದವರು, "ನಾವು ಅವತ್ತೇ ಹೇಳಿರಲಿಲ್ವಾ" ಎನ್ನಲು ಕಾದಿದ್ದರು.

ಅಡುಗೆ ಕೋಣೆಗೆ ಬಂದು ಒಂದು ಚೊಂಬು ನೀರು ಕುಡಿದಳು. ಅಳುತ್ತಾಳೇನೋ ಎಂದುಕೊಂಡೆ. ಬಾಯಿ ಒರೆಸಿಕೊಂಡು ಹೇಳಿದಳು.

"ನಾನು ಹಾಕಿದ ಬಾಗಿಲು ಅಜ್ಜಿ. ಯಾಕೆ ಹಾಕ್ಕೊಂಡಿಲ್ಲ ಅಂತ ನಾನೇ ಕಂಡುಹಿಡೀತೀನಿ. ನಿಮ್ಮ ಪೆಟ್ಟಿಗೆ ಒಂದ್ಸಲ ಕೊಡ್ತೀರಾ?"

"ನನ್ನ ಪೆಟ್ಟಿಗೇಲಿ ಏನಿದೆ ತಾಯಿ, ತಗೋ."

ಅಮಾವಾಸ್ಯೆಗೆ ಹಿಂದಿನ ದಿನ ಬೆಳಿಗ್ಗೆ ಅವಳು ಆರ್ಡರ್ ಪೆಟ್ಟಿಗೆ ತೆಗೆಯುವ ಅಪ್ಪಣೆಯನ್ನು ನನ್ನ ಹೆಸರಿಗೆ ಕೊಟ್ಟಳು. ಮುಂದಿನ ಹಜಾರದ ಕಂಪ್ಯೂಟರಿನಲ್ಲಿ ನನ್ನ ಪೆಟ್ಟಿಗೆ ತೆರೆದು, ಎಲ್ಲಿ ಒತ್ತಬೇಕೆಂದು ತೋರಿಸಿದಳು. ಒತ್ತಿದೆ. ನಿಮಗೆ ಅಪ್ಪಣೆ ಇಲ್ಲ ಎಂದು ಬಂತು.

"ಬರಲಿ. ಎರಡು ಗಂಟೆ ಕಾಯೋಣ. ಟೀ ಕೊಡುವಾಗೆಲ್ಲ ಒಂದೊಂದ್ಸಲ ಒತ್ತಿ ನೋಡಿ" ಎಂದಳು.

ಹನ್ನೊಂದರ ಟೀಗೆ ಒತ್ತಿದೆ, ಇಲ್ಲ. ಊಟದ ಹೊತ್ತಿಗೆ ಒತ್ತಿದೆ, ಇಲ್ಲ. ಪಾಪಯ್ಯ ಬಂದು, "ಏನ್ ವರಲಕ್ಷ್ಮಮ್ಮ, ಆಪೀಸರ್ ಆಗ್ಬಿಟ್ರಾ?" ಎಂದು ಕಿಚಾಯಿಸಿದ. ಮೂರು ಗಂಟೆಯ ಟೀಗೂ ಅದೇ ಉತ್ತರ. ಗಾನವಿಗೆ ಊಟ ಸೇರಲಿಲ್ಲ. ಆದರೂ ಮುಖದಲ್ಲಿ ಬೆಳಗಿನ ಕಳೆಗಿಂತ ಬೇರೆಯದೇ ಕಳೆ ಬಂದಿತ್ತು.

"ಹಾಗಾದ್ರೆ ಭಾವಂದು ಒಬ್ಬರದೇ ಕತೆ ಅಲ್ಲ ಅಜ್ಜಿ. ತೆಗೆದ ಹೆಸರೂ ಹೋಗಲ್ಲ, ಕೊಟ್ಟ ಹೆಸರೂ ಹತ್ತಲ್ಲ. ಇಲ್ಲಿಯ ಕಾವಲುಗಾರ ಎರಡು ಗಂಟೆಗೆ ಏಳೋನಲ್ಲ." ಸ್ವಲ್ಪ ಹೊತ್ತು ಉಗುರು ಕಚ್ಚಿದಳು. "ಕಾಂತರಾಜು ಅವರಿಗೆ ಆಷಾಢದಲ್ಲಿ ಕೊಟ್ಟೆ. ಅವರಿಗೆ ಪೆಟ್ಟಿಗೆ ಯಾವತ್ತು ತೆರೆದುಕೊಳ್ತು, ನಿಮಗೇನಾದ್ರೂ ನೆನಪಿದ್ಯಾ?"

"ಯಾಕಿಲ್ಲ? ಭೀಮನ ಅಮಾವಾಸ್ಯೆ ಮಾರನೇ ದಿನ. ಮನೇಲಿ ಮಾಡಿದ್ದ ಕಡುಬು ತಂದು, ಪೆಟ್ಟಿಗೆ ತೆಗೀತು ಕಣಮ್ಮ ಅಂತ ನನಗೇ ಮೊದಲು ಕೊಟ್ಟ."

"ಅಷ್ಟು ದಿನ ತೆರೆದುಕೊಳ್ಳದೇ ಇದ್ರೂ ನಂಗ್ಯಾಕೆ ಹೇಳ್ಲಿಲ್ಲ?"

"ಅಮಾವಾಸ್ಯೆ ಕಳೀಲಿ, ಆಮೇಲೆ ಹತ್ತುತ್ತೆ ಅಂತ ಚಲಪತಿ ಅಂದಿದ್ದ. ಎಲ್ಲರಿಗೂ ಹಾಗೇ ಅಲ್ವಾ ಹತ್ತೋದು?"

ಗಾನವಿ ಗೊಳ್ಳೆಂದು ನಕ್ಕಳು. "ಅಯ್ಯೋ ಅಜ್ಜಿ, ಮಿಷನ್‌ಗೂ ಅಮಾವಾಸ್ಯೆಗೂ ಏನ್ರೀ ಸಂಬಂಧ?" ನಗು ಅರ್ಧಕ್ಕೇ ನಿಂತಿತು. "ಇರಿ ಇರಿ. ಅಮಾವಾಸ್ಯೆ ದಿನ ಇಲ್ಲಿ ಏನ್ ಮಾಡ್ತಾರೆ?"

"ಪೂಜೆ ಮಾಡಿ ಮೈನ್ ಇಳಿಸ್ತಾರೆ."

"ನನ್ನ ರೂಮಿಂದೂನಾ?"

ಹೊಸ್ತಿಲ ಮೇಲಿದ್ದ ಪಾಪಯ್ಯ ಬೀಗಿದ. "ಸುಮ್ನೆ ಇಳಿಸಲ್ಲ ಮೇಡಂ. ಹಿಂದಿದ್ದ ಸಾರ್ ಹೇಳ್ಕೊಟ್ಟವ್ರೆ. ಮೊದಲು ನಿಮ್ ಕರೀ ಪೆಟ್ಟಿಗೆ ಗುಂಡಿ ಒತ್ತಿ, ದೀಪ ಆರಿದ್ಮೇಲೆ ಮೈನ್ ಇಳಿಸೋದು. ಪಾಡ್ಯದ ಬೆಳಿಗ್ಗೆ ನೀವು ಬರೋ ಹೊತ್ಗೆ ಎಲ್ಲಾ ರೆಡಿ."

ಗಾನವಿ ಎದ್ದು ಓಡಿದಳು. ಕೋಣೆಯೊಳಗೆ ಕೀಲಿಗಳ ಟಕಟಕ ಸದ್ದು. ಸ್ವಲ್ಪ ಹೊತ್ತಿಗೆ ಒಂದು ಕೂಗು ಕೇಳಿಸಿತು, ಹಾವು ಕಂಡವರ ಕೂಗಲ್ಲ, ಕಳೆದ ಓಲೆ ಸಿಕ್ಕವರ ಕೂಗು. ಹೊರಗೆ ಬಂದು ಇಬ್ಬರಿಗೂ ಬಿಡಿಸಿ ಹೇಳಿದಳು. ಕಾವಲುಗಾರ ಎರಡು ಗಂಟೆಗೊಮ್ಮೆ ಕೇಳಬೇಕೆಂಬ ಕಡೆ, ಹಿಂದಿದ್ದವರು ವರ್ಷವೇ ಕಳೆದರೂ ಕೇಳದಷ್ಟು ದೊಡ್ಡ ಅಂಕಿ ಬರೆದಿಟ್ಟಿದ್ದರು. ಮಿಷನ್ ಹಳೆಯದು, ಪದೇಪದೇ ಕೇಳಿ ಸುಸ್ತಾಗದಿರಲಿ ಎಂದು ಇರಬೇಕು. ಹಾಗಾಗಿ ಅವನು ತಾನಾಗಿ ಕೇಳುತ್ತಲೇ ಇರಲಿಲ್ಲ. ಅಮಾವಾಸ್ಯೆಗೆ ಮಿಷನ್ ಆರಿ, ಪಾಡ್ಯಕ್ಕೆ ಹೊತ್ತಿಕೊಂಡಾಗ ಮಾತ್ರ ಅವನ ತಲೆ ಖಾಲಿಯಾಗಿರುತ್ತಿತ್ತು. ಆಗ ಹೊಸದಾಗಿ ಕೇಳಲೇಬೇಕು.

ಪಾಪಯ್ಯ ಬಾಯಿ ಬಿಟ್ಟುಕೊಂಡು ಕೇಳಿದ. "ಹಂಗಾದ್ರೆ ಇಷ್ಟ್ ದಿನ ಎಲ್ರಿಗೂ ಪರ್ಮಿಷನ್ ಕೊಡ್ತಿದ್ದೋನು ನಾನೇ ಅನ್ನಿ!"

"ನೀವೇ ಗುರು, ನೀವೇ! ಸಂಬಳ ಮಾತ್ರ ನಾನು ತಗೊಂಡೆ."

ಆಮೇಲೆ ಅವಳ ದನಿ ಇಳಿಯಿತು. ಈಗಲೇ ಸರಿಮಾಡಿ ಬಾಗಿಲು ಹಾಕಬಹುದಿತ್ತು. ಆದರೆ ಹಾಕಿಬಿಟ್ಟರೆ, ಮೊದಲು ತೆಗೆದಿಟ್ಟು ಈಗ ಹೆದರಿ ಹಾಕಿದಳು ಎನ್ನುತ್ತಾರೆ. ನಾಳೆ ಬೆಳಿಗ್ಗೆ ಪಾಪಯ್ಯ ಎಂದಿನಂತೆ ಮೈನ್ ಇಳಿಸಿದರೂ ಅದೇ ಗತಿ. ಎಲ್ಲರ ಕಣ್ಣೆದುರಿಗೆ ತೆರೆದ ಬಾಗಿಲು ತೆರೆದಂತೆಯೇ ಇರಬೇಕು, ಅವರ ಕಣ್ಣೆದುರಿಗೇ ಮುಚ್ಚಿಕೊಳ್ಳಬೇಕು.

"ಪಾಪಯ್ಯನೋರೇ, ನಾಳೆ ಮೆಂಬರುಗಳು ಬರೋವರೆಗೂ ಮೈನ್ ಇಳಿಸ್ಬೇಡಿ."

"ಆಗಲ್ಲ ಮೇಡಂ. ಪೂಜೆ ಹೊತ್ತು ಮೀರಬಾರ್ದು. ರಾಹುಕಾಲ ಬಂದ್ಬಿಡ್ತದೆ. ಮಗ್ಗದ ದೇವರ ಹತ್ರ ಆಟ ಬೇಡ."

"ಲೋ ಪಾಪಯ್ಯ," ನಾನು ಅಂದೆ, "ಹೂವು ಬಂದಿಲ್ಲ ಅಂತ ನೀನು ಎಷ್ಟು ಅಮಾವಾಸ್ಯೆ ತಡ ಮಾಡಿಲ್ಲ? ನಾಳೆ ಹೂವು ತರೋಳು ನಾನು. ರಾಹುಕಾಲಕ್ಕೆ ಮುಂಚೆ ತರ್ತೀನಿ, ಮೆಂಬರುಗಳು ಬಂದ ಮೇಲೆ ತರ್ತೀನಿ."

ಪಾಪಯ್ಯ ಗೊಣಗಿದ, ಒಪ್ಪಿದ.

ಬೆನಕನ ಅಮಾವಾಸ್ಯೆಯ ಬೆಳಿಗ್ಗೆ ಶೆಡ್ಡಿನಲ್ಲಿ ಜನ ತುಂಬಿದ್ದರು. ಚಲಪತಿಯೂ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಸದಸ್ಯನಲ್ಲವೇ, ಪ್ರಸಾದಕ್ಕೆ ಬರದಿರುತ್ತಾನೆಯೇ? ಜಡಿಗೇನಹಳ್ಳಿಗೆ ಹೋಗದೆ ಗಾನವಿ ಕಾಟನ್ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದಳು. ಹಜಾರದ ಕಂಪ್ಯೂಟರನ್ನು ಅವಳು ಶೆಡ್ಡಿನ ಬಾಗಿಲ ಬಳಿ ತಂದಿಟ್ಟಿದ್ದಳು, ನಾನು ಹೂವಿನ ಬುಟ್ಟಿ ಹಿಡಿದು ಅದರ ಪಕ್ಕ ನಿಂತೆ.

"ಅಧ್ಯಕ್ಷರೇ, ಪೂಜೆಗೆ ಮುಂಚೆ ನನ್ನ ಮಾತು ಕೇಳಿ. ವರಲಕ್ಷ್ಮಜ್ಜಿಗೆ ನಿನ್ನೆ ಬೆಳಿಗ್ಗೆ ಆರ್ಡರ್ ಪೆಟ್ಟಿಗೆ ಅಪ್ಪಣೆ ಕೊಟ್ಟಿದೀನಿ. ಯಾರಾದ್ರೂ ಬಂದು ಅವರ ಹೆಸರು ಪಟ್ಟಿಯಲ್ಲಿದ್ಯಾ ನೋಡಿ. ಅಜ್ಜಿ, ಈಗ ಒತ್ತಿ."

ಒತ್ತಿದೆ. ಅಪ್ಪಣೆ ಇಲ್ಲ ಎಂದು ಬಂತು.

"ಭಾವ, ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ. ನಿಮ್ಮ ಫೋನಲ್ಲಿ ತೆಗೀರಿ."

"ತೆಗಿಯೋದೇನು? ತೆಗೆದೇ ಇದೆ" ಎಂದು ಚಲಪತಿ ಫೋನ್ ಎತ್ತಿ ಎಲ್ಲರಿಗೂ ತೋರಿಸಿದ. "ತೆಗೆದಿದ್ದ ಬಾಗಿಲಲ್ಲಿ ಹೋದೋನು ಕಳ್ಳ ಹೆಂಗಾಗ್ತಾನೆ ಹೇಳ್ರಪ್ಪಾ?"

"ತೆಗೆದಿದ್ದ ಬಾಗಿಲಲ್ಲಿ ನಾಯಿನೂ ನುಗ್ಗುತ್ತೆ ಭಾವ. ನೀವು ನಾಯಿ ಅಂತ ನಾನು ಹೇಳ್ತಿಲ್ಲ."

ಶೆಡ್ಡೆಲ್ಲ ಗೊಳ್ಳೆಂದಿತು. ನಗು ಇಳಿದ ಮೇಲೆ ಗಾನವಿ ನಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದಳು. ಕಾವಲುಗಾರನ ತಲೆ, ಹಳೆಯ ಅಂಕಿ, ಅಮಾವಾಸ್ಯೆಯ ಮೈನ್. "ಎರಡು ಗಂಟೆ ಎರಡು ಗಂಟೆ ಅಂತ ನಾನು ಹೇಳಿದ್ದು ತಪ್ಪು. ಬೇರೆ ಕಡೆ ಕಲಿತದ್ದನ್ನ ಇಲ್ಲಿ ನೋಡದೇ ಹೇಳ್ದೆ. ಅದು ನಂದು, ಒಪ್ಕೊಂಡೆ. ಬಾಗಿಲು ತೆಗೆದಿಟ್ಟೆ ಅಂದ್ರೆ ಮಾತ್ರ ಒಪ್ಪಲ್ಲ. ಈಗ ಆ ಅಂಕೀನ ನಿಜವಾಗ್ಲೂ ಎರಡು ಗಂಟೆ ಮಾಡಿದೀನಿ. ಮೈನ್ ಇಳಿಸೋದೂ ಬೇಡ, ಆ ಕಾವಲುಗಾರನೊಬ್ಬನನ್ನ ಎಬ್ಬಿಸಿ ಕೂರಿಸ್ತೀನಿ. ನೋಡ್ತಾ ಇರಿ."

ಶೆಡ್ಡಿಗೆ ತಾಗಿದ್ದ ತನ್ನ ಕೋಣೆಯೊಳಗೆ ಹೋದಳು. ನಾವೆಲ್ಲ ಕಂಪ್ಯೂಟರಿನ ಕಡೆ ನೋಡುತ್ತ ನಿಂತೆವು. ಪಾಪಯ್ಯ ಮಾತ್ರ ಗಡಿಯಾರ ನೋಡುತ್ತ, "ರಾಹುಕಾಲ, ರಾಹುಕಾಲ" ಎನ್ನುತ್ತಿದ್ದ. ಒಳಗಿನಿಂದಲೇ ಕೂಗಿದಳು.

"ಅಜ್ಜಿ, ಒತ್ತಿ!"

ಒತ್ತಿದೆ. ಆರ್ಡರ್ ಪೆಟ್ಟಿಗೆ ತೆರೆದುಕೊಂಡು ಸಾಲುಸಾಲು ಅಂಗಡಿಗಳ ಹೆಸರು ಬಂದವು. ಭಾನುಪ್ರಕಾಶ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಭಾವ, ಈಗ ನಿಮ್ಮದು ತೆಗೀರಿ."

ಚಲಪತಿ ಒತ್ತಿದ. ಮತ್ತೆ ಒತ್ತಿದ. ಹೆಬ್ಬೆರಳನ್ನು ಅಂಗಿಗೆ ಒರೆಸಿ ಇನ್ನೊಮ್ಮೆ ಒತ್ತಿದ. ಪಕ್ಕದಲ್ಲಿದ್ದ ಕಾಂತರಾಜು ಫೋನು ಇಣುಕಿ ನೋಡಿ, "ಅಪ್ಪಣೆ ಇಲ್ವಂತೆ" ಎಂದು ಜೋರಾಗಿ ಓದಿದ.

ಗಾನವಿ ಬಾಗಿಲಿಗೆ ಬಂದು ನಿಂತಳು. "ಭಾವ, ಇನ್ನೊಂದೇ ಮಾತು. ಕಾಂತರಾಜು ಅವರಿಗೆ ಅಮಾವಾಸ್ಯೆ ಕಳೀಲಿ ಅಂತ ಹೇಳಿದೋರು ನೀವು. ಇಲ್ಲಿ ಎಲ್ಲ ಪಾಡ್ಯಕ್ಕೇ ಹತ್ತೋದು ಅಂತ ನಿಮಗೆ ಚೆನ್ನಾಗಿ ಗೊತ್ತಿತ್ತು. ನೀವು ಕೆಲಸ ಬಿಟ್ಟಿದ್ದು ಯಾವತ್ತು?"

ಯಾರೂ ಉತ್ತರ ಹೇಳಬೇಕಾಗಿರಲಿಲ್ಲ. ಪಾಡ್ಯದ ದಿನ ಅವನು ಹಂಚಿದ ಮೈಸೂರುಪಾಕು ಎಲ್ಲರೂ ತಿಂದಿದ್ದರು. ಅಮಾವಾಸ್ಯೆಗೆ ಹಿಂದಿನ ದಿನ ಬಿಟ್ಟಿದ್ದರೆ ಅವನ ಬಾಗಿಲು ಮಾರನೆಯ ದಿನವೇ ಮುಚ್ಚುತ್ತಿತ್ತು. ಪಾಡ್ಯದ ದಿನ ಬಿಟ್ಟದ್ದಕ್ಕೆ ಅವನಿಗೆ ಮುಂದಿನ ಅಮಾವಾಸ್ಯೆಯವರೆಗೆ ತೆರೆದ ಬಾಗಿಲು ಸಿಕ್ಕಿತು. ಚಲಪತಿ ಫೋನ್ ಜೇಬಿಗೆ ಹಾಕಿಕೊಂಡ. ಪ್ರಸಾದಕ್ಕೂ ನಿಲ್ಲಲಿಲ್ಲ.

ಭಾನುಪ್ರಕಾಶ್ ಅವಳ ಹತ್ತಿರ ಹೋಗಿ ಮೆಲ್ಲಗೆ, "ತಪ್ಪಾಯ್ತಮ್ಮ" ಎಂದರು.

"ಮೆಲ್ಲಗೆ ಬೇಡ ಸರ್. ಅನ್ನುವಾಗ ಬೀದಿಗೆಲ್ಲ ಕೇಳ್ತು."

ಅವರು ಒಂದು ಗಳಿಗೆ ಅವಳನ್ನು ನೋಡಿ, ಮಗ್ಗದ ಪಕ್ಕದ ಮಣೆಯ ಮೇಲೆ ಹತ್ತಿ ನಿಂತು, ಗಾನವಿ ಚಲಪತಿಯ ಹೆಸರನ್ನು ಅಂದೇ ತೆಗೆದಿದ್ದಳು, ಅನುಮಾನಪಟ್ಟವನು ತಾನು ಎಂದು ಶೆಡ್ಡಿನ ಕೊನೆಗೂ ಕೇಳುವಂತೆ ಹೇಳಿದರು. ಅಷ್ಟರಲ್ಲಿ ಪಾಪಯ್ಯ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡು ಹೂವು ಏರಿಸಿ, ಗುಂಡಿ ಒತ್ತಿ, ಮೈನ್ ಇಳಿಸಿಬಿಟ್ಟಿದ್ದ. ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು.

ಆಮೇಲೂ ಆ ಮನೆತನದ ನಂಟು ಹರಿಯಲಿಲ್ಲ. ಚಲಪತಿಯ ಮಗಳ ಸೀಮಂತಕ್ಕೆ ಗಾನವಿ ತಟ್ಟೆ ತುಂಬ ಜಡಿಗೇನಹಳ್ಳಿಯ ಸೇವಂತಿಗೆ ಹೊತ್ತು ಹೋದಳು. ಹೇಗೆ ಮನಸ್ಸು ಬಂತೇ ಎಂದು ಕೇಳಿದೆ. "ನನ್ನ ಮದುವೆಗೆ ನಿಂತೋರು ಅವರು. ಆ ಋಣ ಅವರ ಮನೇಲಿ ತೀರಿಸ್ತೀನಿ ಅಜ್ಜಿ, ಸೊಸೈಟಿ ಪೆಟ್ಟಿಗೆಯಿಂದ ತೀರಿಸಲ್ಲ" ಎಂದಳು.

ಅವಳ ಕೆಲಸದ ರೀತಿ ಮಾತ್ರ ಅಂದಿನಿಂದ ಬದಲಾಯಿತು. ಯಾರಿಗೆ ಅಪ್ಪಣೆ ಕೊಟ್ಟರೂ, ಯಾರ ಹೆಸರು ತೆಗೆದರೂ, ಅವರ ಪಕ್ಕದಲ್ಲೇ ನಿಂತು, "ಒತ್ತಿ, ನನ್ನೆದುರಿಗೆ ಒತ್ತಿ" ಎನ್ನುವಳು. ಆಗದಿದ್ದರೆ ಎರಡು ಗಂಟೆ ಬಿಟ್ಟು ಮತ್ತೆ ಬರುವಳು. ಕಣ್ಣಾರೆ ಕಾಣದೆ ಆಯಿತು ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ಸದಸ್ಯರೂ ಅಮಾವಾಸ್ಯೆಗೆ ಕಾಯುವುದನ್ನು ಬಿಟ್ಟರು. ಮೇಲ್‌ಗೆ ಮಾತ್ರ. ಹಾಸು ಹೂಡಲು ಇವತ್ತಿಗೂ ಪಾಡ್ಯವೇ.

ಹೋದ ಮಾಘದಲ್ಲಿ ದೇವನಹಳ್ಳಿ ಪಕ್ಕದ ವಿಜಯಪುರದ ರೇಷ್ಮೆ ಹುರಿ ಮಾಡುವವರ ಸಂಘದಿಂದ ಅವಳಿಗೆ ಕರೆ ಬಂತು. ಅವರೂ ತಮ್ಮದೇ ಸರ್ವರ್ ಇಡುತ್ತಾರಂತೆ. ಅಂಜನ್‌ಗೂ ದೇವನಹಳ್ಳಿ ಏರ್‌ಪೋರ್ಟಿನ ಕೆಲಸಕ್ಕೆ ಅಲ್ಲಿಂದ ಹತ್ತಿರ. ಹೋಗುವ ದಿನ ಮಧ್ಯಾಹ್ನ, ಹೊಸದಾಗಿ ಸೇರಿದ ರಂಜಿತಳ ಕೈಯಿಂದಲೇ ತನ್ನ ಹೆಸರನ್ನು ಎಲ್ಲ ಪೆಟ್ಟಿಗೆಗಳಿಂದ ತೆಗೆಸಿದಳು. ಹಾರ ಹಾಕಿದರು, ಭಾನುಪ್ರಕಾಶ್ ಹುಣಸೆ ಎಲೆ ಅಂಚಿನ ಸೀರೆ ಕೊಟ್ಟರು. ಇನ್ನು ಹೊರಡಬಹುದಿತ್ತು. ಅವಳು ಬಂದು ನನ್ನ ಅಡುಗೆ ಕೋಣೆಯಲ್ಲಿ ಫೋನ್ ಮುಂದಿಟ್ಟುಕೊಂಡು ಕೂತಳು.

"ಇನ್ನೂ ತೆಗೀತಿದೆ ಅಜ್ಜಿ" ಎಂದಳು.

"ಕಾವಲುಗಾರನನ್ನ ಎಬ್ಬಿಸಿ ಕೂರಿಸು ಅಂತ ರಂಜಿತಂಗೆ ಹೇಳಬಾರ್ದಾ?"

"ನನ್ನೊಬ್ಬಳ ಬಾಗಿಲು ಹಾಕೋಕೆ ಎಲ್ಲರ ಕೆಲಸ ಯಾಕೆ ನಿಲ್ಲಿಸ್ಲಿ? ಕಾಯ್ತೀನಿ. ಟೀ ಹಾಕಿ."

ಅಂಜನ್ ಬೈಕಿನ ಮೇಲೆ ಕೂತು ಹಾರ್ನ್ ಹೊಡೆದ. "ಲೇ, ಬರ್ತೀಯಾ ಇಲ್ಲೇ ಇರ್ತೀಯಾ?" ಎಂದು ಕೂಗಿದ. "ಇಲ್ಲೇ ಇರ್ತೀನಿ, ನೀವು ಹೋಗಿ ಅನ್ನ ಮಾಡಿಡಿ" ಎಂದು ಇವಳೂ ಕೂಗಿದಳು. ಟೀ ಕುಡಿದಳು, ಒತ್ತಿ ನೋಡಿದಳು. ನನ್ನ ಜೊತೆ ಸೊಪ್ಪು ಬಿಡಿಸಿದಳು, ಒತ್ತಿ ನೋಡಿದಳು. ಬಿಸಿಲು ಹೊಸ್ತಿಲಿನಿಂದ ಇಳಿದು ಅಂಗಳದ ಕಡೆ ಸರಿಯಿತು. ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ಈಗ ನೀವು ಒತ್ತಿ."

ಸೊಪ್ಪಿನ ಕೈ ಸೆರಗಿಗೆ ಒರೆಸಿಕೊಂಡು ಒತ್ತಿದೆ. ನಿಮಗೆ ಅಪ್ಪಣೆ ಇಲ್ಲ ಎಂದು ಬಂತು. ಇನ್ನೊಂದು ಸಲ ಒತ್ತಿಸಿದಳು. ಅದೇ ಬಂತು. ಆಗ ಅವಳ ಮುಖ ಅರಳಿತು. ಎದ್ದು ಸೆರಗು ಬಿಗಿದು, ಹಾರವನ್ನು ನನ್ನ ಒಲೆಯ ಪಕ್ಕದ ದೇವರ ಪಟಕ್ಕೆ ಹಾಕಿದಳು. ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

"ಅಜ್ಜಿ, ಮುಂದೆ ಯಾವತ್ತಾದ್ರೂ ಇಲ್ಲಿಂದ ಏನಾದ್ರೂ ಆಚೆ ಹೋಗಿ, ಅದರಲ್ಲಿ ನನ್ನ ಹೆಸರು ಬಂದ್ರೆ, ಗಾನವಿ ಬಾಗಿಲು ಹಾಕ್ಕೊಂಡೇ ಹೋದ್ಲು, ನಾನೇ ಒತ್ತಿ ನೋಡ್ದೆ ಅಂತ ಹೇಳ್ತೀರಾ?"